ಹಂಚಿನ ಮಾಡಿಗೆ ಯಾವ ಕಾವಲು? ಬೆಳಗಾವಿ–ಖಾನಾಪುರ ಭಾಗದ ಮನೆಗಳಿಗೆ ಒಂದು ಹೋಲಿಕೆ

ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿಯ ಕಡೆಗೆ ಹೋದಷ್ಟೂ ಹಂಚಿನ ಮನೆಗಳು ಹೆಚ್ಚು, ಕಾಡೂ ಹತ್ತಿರ. ಇತ್ತ ಬೆಳಗಾವಿ ನಗರದ ಶಹಾಪುರ, ವಡಗಾಂವದ ಹಳೆಯ ಓಣಿಗಳಲ್ಲಿಯೂ ಹಂಚಿನ ಮಾಡುಗಳು ಇನ್ನೂ ಉಳಿದುಕೊಂಡಿವೆ. ಇಂಥ ಮನೆಗಳಲ್ಲಿ ಇರುವವರಿಗೆ ಅಟ್ಟದ ಮೇಲಿನ ಸದ್ದು ಹೊಸದಲ್ಲ. ಇಲಿ, ಅಳಿಲು, ಬಾವಲಿ, ಪುನುಗು ಬೆಕ್ಕು, ಮಂಗ, ಮುಸುವ, ಒಮ್ಮೊಮ್ಮೆ ಹಾವು. ಪರಿಹಾರ ಕೇಳಿದರೆ ಒಬ್ಬರು ಹಂಚು ತೆಗೆದು ಶೀಟು ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಒಳಗಿನಿಂದ ಸೀಲಿಂಗ್ ಮಾಡಿಸಿ ಎನ್ನುತ್ತಾರೆ, ಮತ್ತೊಬ್ಬರು ಸದ್ದು ಮಾಡುವ ಯಂತ್ರ ತನ್ನಿ ಎನ್ನುತ್ತಾರೆ. ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದಷ್ಟೇ ಇಲ್ಲಿಯ ವಿಷಯ.

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಪ್ರಾಣಿಯನ್ನು ಓಡಿಸುವುದಕ್ಕೆ ಮಾಡುವ ಖರ್ಚು ಪ್ರತಿ ವರ್ಷ ಮರುಕಳಿಸುತ್ತದೆ. ಸಂದು ಮುಚ್ಚುವುದಕ್ಕೆ ಮಾಡುವ ಖರ್ಚು ಒಮ್ಮೆ ಮುಗಿಯುತ್ತದೆ. ಹಂಚಿನ ಮನೆಗೆ ಸೂರಂಚಿನಲ್ಲಿ, ಅಂದರೆ ಗೋಡೆಯ ತಲೆಗೆ ಮಾಡು ಸೇರುವಲ್ಲಿ, ಲೋಹದ ಜಾಲರಿ, ಕೈಗೂಡಿದರೆ ಹಂಚಿನ ಕೆಳಗೂ ಜಾಲರಿ, ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಉಳಿದವುಗಳಲ್ಲಿ ಕೆಲವು ಇದಕ್ಕೆ ಪೂರಕ, ಕೆಲವು ವ್ಯರ್ಥ, ಒಂದೆರಡು ಅಪಾಯಕಾರಿ.

ಮೊದಲು ಬಂದವರು ಯಾರು ಎಂದು ತಿಳಿಯಿರಿ

ಆಯ್ಕೆ ನಿಲ್ಲುವುದೇ ಇದರ ಮೇಲೆ. ಹಗಲು ಹಂಚು ಸರಿದಾಡಿದರೆ ಮಂಗ ಅಥವಾ ಮುಸುವ. ಹಗಲಿನಲ್ಲೇ ಸಣ್ಣ ಓಡಾಟ ಕೇಳಿದರೆ ಅಳಿಲು. ಕತ್ತಲಾದ ಮೇಲೆ ಗೋಡೆಯ ಉದ್ದಕ್ಕೂ ಚುರುಚುರು ಸದ್ದು, ನಡುವೆ ಕಡಿಯುವ ಸದ್ದು ಇದ್ದರೆ ಇಲಿ. ರಾತ್ರಿ ಊಟದ ಹೊತ್ತಿಗೊಮ್ಮೆ, ಬೆಳಗಿನ ಜಾವಕ್ಕೊಮ್ಮೆ ಯಾರೋ ನಡೆದಾಡಿದಂತೆ ಭಾರವಾದ ಹೆಜ್ಜೆ ಕೇಳಿದರೆ ಅದು ಬಹುಪಾಲು ಪುನುಗು ಬೆಕ್ಕು. ಸಂಜೆ ಹೊರಟು ಬೆಳಗಾಗುವ ಮುನ್ನ ಮರಳುವುದು ಅದರ ದಿನಚರಿ.

ಹಿಕ್ಕೆಗಳು ಇನ್ನೂ ಖಚಿತವಾಗಿ ಹೇಳುತ್ತವೆ. ಪುನುಗು ಬೆಕ್ಕು ಒಂದೇ ಜಾಗದಲ್ಲಿ ಮಲ ಹಾಕುವುದು ಹೆಚ್ಚು. ಅದರ ತುಂಬ ನೇರಳೆ, ಪಪ್ಪಾಯಿ, ಈಚಲಿನಂಥ ಹಣ್ಣುಗಳ ಬೀಜಗಳಿರುತ್ತವೆ. ಇಲಿ ಮತ್ತು ಬಾವಲಿಯ ಹಿಕ್ಕೆಗಳು ನೋಡಲು ಒಂದೇ ಬಗೆ, ಎರಡೂ ಕಪ್ಪು, ಎರಡೂ ಅಕ್ಕಿಕಾಳಿನ ಆಕಾರ. ಒಂದು ಕಡ್ಡಿಯಿಂದ ಒತ್ತಿ ನೋಡಿ. ಇಲಿಯದ್ದು ಒಣಗಿದರೆ ಗಟ್ಟಿಯಾಗಿರುತ್ತದೆ. ಬಾವಲಿಯದ್ದು ಪುಡಿಯಾಗಿ ಉದುರುತ್ತದೆ, ಆ ಪುಡಿಯಲ್ಲಿ ಹುಳುಗಳ ರೆಕ್ಕೆ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಬರಿಗೈಯಿಂದ ಮುಟ್ಟಬೇಡಿ. ಒಣ ಪೊರಕೆಯಿಂದ ಗುಡಿಸಲೂಬೇಡಿ: ಬಾವಲಿಯ ಹಳೆಯ ಹಿಕ್ಕೆಯಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಶಿಲೀಂಧ್ರ ಇರಬಹುದು, ಇಲಿಯ ಮೂತ್ರದಿಂದ ಇಲಿಜ್ವರ ಬರಬಹುದು. ನೀರು ಚಿಮುಕಿಸಿ, ಮುಖಗವಸು, ಕೈಗವಸು ಹಾಕಿಕೊಂಡು ತೆಗೆಯಬೇಕು.

ಅನುಮಾನ ಉಳಿದರೆ ಸಂಜೆ ಸಂದಿನ ಬಳಿ ತೆಳ್ಳಗೆ ಬೂದಿಯನ್ನೋ ರಂಗೋಲಿ ಪುಡಿಯನ್ನೋ ಹರಡಿ. ಬೆಳಿಗ್ಗೆ ಹೆಜ್ಜೆ ಮೂಡಿರುತ್ತದೆ. ಬೆಕ್ಕಿನ ಪಾದದಲ್ಲಿ ನಾಲ್ಕು ಬೆರಳು ಮೂಡಿದರೆ ಪುನುಗಿನದರಲ್ಲಿ ಐದು.

ಹಂಚಿನ ಮಾಡು ಎಲ್ಲಿ ಬಾಯಿ ಬಿಡುತ್ತದೆ

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಈ ಹಂಚಿನ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಒಳ್ಳೆಯ ಜೇಡಿಮಣ್ಣಿಗೆ ಹೆಸರಾದ ನಮ್ಮ ಖಾನಾಪುರದಲ್ಲಿಯೂ ಹಂಚು ತಯಾರಾಗಿದೆ. ಒಂದು ಹಂಚು ಎರಡೂವರೆ ಮೂರು ಕಿಲೋ ತೂಗುತ್ತದೆ. ರೀಪಿನ (ಹಂಚು ಕೂರಿಸುವ ಮರದ ಅಡ್ಡಪಟ್ಟಿಯ) ಮೇಲೆ ತನ್ನ ಭಾರದಿಂದಲೇ ಕೂತಿರುತ್ತದೆ, ಮೊಳೆ ಇಲ್ಲ, ಗಾರೆ ಇಲ್ಲ. ಮಂಗನ ಕೈಗೆ ಅದನ್ನು ಎತ್ತುವುದು ಕಷ್ಟವೇ ಅಲ್ಲ, ಪುನುಗು ಬೆಕ್ಕೂ ತಲೆಯಿಂದ ನೂಕಿ ಸರಿಸುತ್ತದೆ. ಒಂದು ರೀಪಿನಿಂದ ಇನ್ನೊಂದಕ್ಕೆ ಒಂದು ಅಡಿಯಷ್ಟು ಅಂತರ ಇರುವುದರಿಂದ, ಹಂಚು ಒಂದು ಸರಿದರೂ ಅಷ್ಟು ಅಗಲದ ಬಾಗಿಲು ತೆರೆದಂತೆ.

ಆದರೆ ಬಹುಪಾಲು ಪ್ರಾಣಿಗಳು ಹಂಚು ಸರಿಸಿ ಬರುವುದಿಲ್ಲ. ಗೋಡೆಯ ತಲೆಗೂ ಹಂಚಿಗೂ ನಡುವೆ, ಪಕಾಸುಗಳ (ನೆತ್ತಿಯಿಂದ ಸೂರಿಗೆ ಇಳಿಜಾರಾಗಿ ಬರುವ ಮರಗಳ) ಸಂದಿನಲ್ಲಿ, ಸೂರಿನ ಉದ್ದಕ್ಕೂ ಗಾಳಿಗೆಂದು ಬಿಟ್ಟ ತೆರಪಿನಿಂದ ಬರುತ್ತವೆ. ಒಂದು ಬದಿಯ ಗೋಡೆಯಲ್ಲಿ ಹತ್ತು ಹದಿನೈದು ಇಂಥ ಸಂದುಗಳಿರುತ್ತವೆ. ಇವುಗಳ ಜೊತೆಗೆ ನೆತ್ತಿಯ ಮುಚ್ಚುಹಂಚಿನ ಗಾರೆ ಉದುರಿದ ಕಡೆ, ಅಡುಗೆಮನೆಯ ಹೊಗೆಗಂಡಿ, ವಿದ್ಯುತ್ ಸರ್ವಿಸ್ ತಂತಿ ಒಳಬರುವ ತೂತು. ಬೇಸಿಗೆಯ ಒಂದು ಮಧ್ಯಾಹ್ನ ದೀಪ ಆರಿಸಿ ಅಟ್ಟದಲ್ಲಿ ಕೂತು ನೋಡಿದರೆ ಬೆಳಕು ನುಸುಳುವ ಜಾಗಗಳೆಲ್ಲ ತಾವಾಗಿ ಕಾಣುತ್ತವೆ. ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ.

ಸೂರಂಚು: ಇಟ್ಟಿಗೆಯೋ, ಹಲಗೆಯೋ, ಜಾಲರಿಯೋ

ಹಣ ಕಡಿಮೆ ಇದ್ದವರು ಈ ಒಂದು ಕೆಲಸ ಮಾಡಿಸಿದರೂ ಸಾಕು. ಗೌಂಡಿಗಳು ಸಾಮಾನ್ಯವಾಗಿ ಸೂಚಿಸುವುದು ಇಟ್ಟಿಗೆ ಇಟ್ಟು ಸಿಮೆಂಟ್ ಮೆತ್ತುವುದನ್ನು. ಅದು ಇಲಿಗೂ ಹಾವಿಗೂ ಗಟ್ಟಿ ತಡೆ, ನಿಜ. ಆದರೆ ಜಾಂಬೋಟಿ ಕಡೆಯ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನ ಒಳಗಿನ ತೇವ ಹೊರಹೋಗುವ ದಾರಿ ಆ ಸಂದುಗಳೇ. ಮುಚ್ಚಿಬಿಟ್ಟರೆ ಪಕಾಸುಗಳ ತುದಿ ಕೊಳೆಯತೊಡಗುತ್ತದೆ, ಗೆದ್ದಲು ಹಿಡಿಯುತ್ತದೆ, ಕಟ್ಟಿಗೆಯ ಒಲೆ ಇರುವ ಮನೆಯಲ್ಲಿ ಹೊಗೆ ನಿಲ್ಲುತ್ತದೆ. ಬೈಲಹೊಂಗಲ, ಸವದತ್ತಿಯಂಥ ಒಣ ಭಾಗದಲ್ಲಿ ಇಟ್ಟಿಗೆ ನಡೆದೀತು. ಘಟ್ಟದ ಅಂಚಿನಲ್ಲಿ ಬೇಡ.

ಮರದ ಹಲಗೆ ನೋಡಲು ಚೆಂದ, ಆದರೆ ಇಲಿಯ ಹಲ್ಲಿಗೆ ಅದು ಕೆಲವು ರಾತ್ರಿಗಳ ಕೆಲಸ.

ಜಾಲರಿ ಎಂದಾಗ ಅಂಗಡಿಯವರು ಮೂರು ಬಗೆ ತೋರಿಸುತ್ತಾರೆ. ನೈಲಾನ್ ಬಲೆಯನ್ನು ಇಲಿ ಕಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅದರಲ್ಲಿ ಹಾವು, ಬಾವಲಿ, ಗುಬ್ಬಚ್ಚಿ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ. ಆರು ಮೂಲೆಯ ಕೋಳಿ ಜಾಲರಿಯ ತಂತಿ ತೆಳು, ಕಣ್ಣು ದೊಡ್ಡದು. ಪುನುಗು ಬೆಕ್ಕನ್ನು ತಡೆಯುತ್ತದೆ, ಇಲಿಯನ್ನು ತಡೆಯುವುದಿಲ್ಲ. ಕೊಳ್ಳಬೇಕಾದದ್ದು ಬೆಸುಗೆ ಹಾಕಿದ ಚೌಕ ಕಣ್ಣಿನ, ಸತುವಿನ ಲೇಪನದ ಜಾಲರಿ. ಕಣ್ಣು ಅರ್ಧ ಇಂಚು, ಅಂದರೆ 12 ಮಿಲಿಮೀಟರ್ ಇದ್ದರೆ ದೊಡ್ಡ ಇಲಿ, ಅಳಿಲು, ಪುನುಗು ಯಾವುದೂ ನುಸುಳದು. ಸುಂಡಿಲಿ 6 ಮಿಲಿಮೀಟರ್ ಸಂದಿನಲ್ಲಿಯೂ ತೂರಬಲ್ಲದು. ಆದ್ದರಿಂದ ಕಾಳು ಇಡುವ ಕೋಣೆ ಮತ್ತು ಅಡುಗೆಮನೆಯ ಭಾಗಕ್ಕೆ ಕಾಲು ಇಂಚಿನ ಕಣ್ಣು ಒಳ್ಳೆಯದು. ಮನೆ ಪೂರ್ತಿ ಅದನ್ನೇ ಹಾಕಿದರೆ ಧೂಳು, ಜೇಡರ ಬಲೆ ಕಟ್ಟಿ ಗಾಳಿ ನಿಲ್ಲುತ್ತದೆ.

ಕೂರಿಸುವ ರೀತಿಯೇ ಆಯುಷ್ಯ ನಿರ್ಧರಿಸುತ್ತದೆ. ಪಕಾಸಿನ ಆಕಾರಕ್ಕೆ ಜಾಲರಿಯನ್ನು ಕತ್ತರಿಸಿ, ಅಂಚನ್ನು ಒಂದು ಇಂಚು ಮಡಚಿ, ಅಗಲ ವಾಷರ್ ಹಾಕಿದ ಸ್ಕ್ರೂಗಳಿಂದ ಬಿಗಿಯಬೇಕು. ಬಗ್ಗಿಸಿದ ಮೊಳೆಯಿಂದ ಹಿಡಿಸಿದ ಜಾಲರಿಯನ್ನು ಪುನುಗು ಬೆಕ್ಕು ಎಳೆದು ಬಿಡಿಸುತ್ತದೆ. ಕತ್ತರಿಸಿದ ತುದಿಗಳಲ್ಲಿ ಸತುವಿನ ಲೇಪ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ಸತುವಿನ ಬಣ್ಣ ಬಳಿಯಿರಿ. ಕಣಕುಂಬಿಯಂಥ ಅತಿ ಮಳೆಯ ಊರಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ದುಬಾರಿಯಾದರೂ ಸಾರ್ಥಕ.

ಸಣ್ಣ ತೂತುಗಳಿಗೆ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಡಬ್ಬಿಯಿಂದ ಉಬ್ಬುವ ಫೋಮ್ ಒಂದೇ ಸಾಲದು, ಇಲಿ ಅದನ್ನು ಕೊರೆಯುತ್ತದೆ.

ಹಂಚಿನ ಕೆಳಗೆ: ಜಾಲರಿಯೋ, ಸೀಲಿಂಗೋ

ಮಂಗ, ಮುಸುವಗಳ ಕಾಟ ಇರುವ ಮನೆಗೆ ಸೂರಂಚಿನ ಕೆಲಸವೊಂದೇ ಸಾಲದು, ಅವು ಮೇಲಿನಿಂದ ಬರುತ್ತವೆ. ಆಗ ಹಂಚಿನ ಕೆಳಗೂ ಜಾಲರಿ ಬೇಕು. ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಕೆಲಸ ಸುಲಭವೆಂದು ಬಡಗಿ ಮನೆಯೊಳಗಿನಿಂದ ಪಕಾಸಿನ ತಳಕ್ಕೆ ಜಾಲರಿ ಹೊಡೆದುಬಿಟ್ಟರೆ, ಜಾಲರಿಗೂ ಹಂಚಿಗೂ ನಡುವೆ ನಾಲ್ಕೈದು ಇಂಚಿನ ಪೊಳ್ಳು ಉಳಿಯುತ್ತದೆ. ಇಲಿಗಳಿಗೆ ಅದಕ್ಕಿಂತ ಸುರಕ್ಷಿತವಾದ ಜಾಗ ಬೇರೆ ಬೇಕಿಲ್ಲ. ಹಂಚು ಇಳಿಸಿ, ಪಕಾಸಿನ ಮೇಲೆ ಜಾಲರಿ ಹಾಸಿ, ಅದರ ಮೇಲೆ ರೀಪು ಹೊಡೆದು ಮತ್ತೆ ಹಂಚು ಹೊದಿಸುವುದು ಸರಿಯಾದ ಕ್ರಮ. ಕೂಲಿ ಹೆಚ್ಚಾಗುತ್ತದೆ. ಆದರೆ ಏಪ್ರಿಲ್–ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವ, ಅಂದರೆ ತೆಗೆದು ಸರಿಪಡಿಸಿ ಹೊದಿಸುವ ಪದ್ಧತಿ ಇದ್ದೇ ಇದೆಯಲ್ಲ, ಆಗಲೇ ಮಾಡಿಸಿದರೆ ಆಳುಗಳನ್ನು ಎರಡು ಸಲ ಕರೆಯುವುದು ತಪ್ಪುತ್ತದೆ. ಒಂದೇ ವರ್ಷ ಮಾಡಿನ ಎರಡೂ ಮಗ್ಗುಲು ಆಗದಿದ್ದರೆ ಮರಗಳಿರುವ ಮಗ್ಗುಲನ್ನು ಮೊದಲು ಹಿಡಿಯಿರಿ.

ಒಂದು ಮಿತಿ: ಜಾಲರಿ ಇದ್ದರೂ ಮುಸುವ ಹಾರಿದರೆ ಹಂಚು ಒಡೆಯುತ್ತದೆ, ಮಳೆ ಸೋರುತ್ತದೆ. ನೆತ್ತಿಯ ಮುಚ್ಚುಹಂಚಿಗೆ ಹೊಸ ಗಾರೆ, ಸೂರಿನ ಕೊನೆಯ ಸಾಲಿನ ಹಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟುವುದು, ಇವೆರಡರಿಂದ ಎತ್ತುವ ಚೇಷ್ಟೆ ಬಹಳ ಕಡಿಮೆಯಾಗುತ್ತದೆ. ಒಡೆತ ತಪ್ಪುವುದಿಲ್ಲ. ಐವತ್ತು ಹಂಚು ಮನೆಯಲ್ಲಿ ಹೆಚ್ಚುವರಿ ಇಟ್ಟುಕೊಂಡಿರಿ.

ಇನ್ನು ಸೀಲಿಂಗ್. ಜಿಪ್ಸಂ, ಪಿವಿಸಿ, ಪ್ಲೈವುಡ್ ಯಾವುದೇ ಇರಲಿ, ಸೂರಂಚು ಮುಚ್ಚದೆ ಸೀಲಿಂಗ್ ಮಾಡಿಸುವುದನ್ನು ನಾನು ಬಲವಾಗಿ ಬೇಡವೆನ್ನುತ್ತೇನೆ. ಅದು ಪ್ರಾಣಿಯನ್ನು ತಡೆಯುವುದಿಲ್ಲ, ನಮ್ಮ ಕಣ್ಣಿಗೆ ಮರೆ ಮಾಡುತ್ತದೆ ಅಷ್ಟೇ. ಮೊದಲು ಅಟ್ಟದಲ್ಲಿ ದೀಪ ಹಿಡಿದು ನೋಡಬಹುದಿತ್ತು. ಸೀಲಿಂಗ್ ಆದ ಮೇಲೆ ಸತ್ತ ಇಲಿಯ ವಾಸನೆ ಬಂದರೂ ಎಲ್ಲಿ ಎಂದು ತಿಳಿಯದು. ಅದರೊಳಗೆ ಎಳೆದ ವಿದ್ಯುತ್ ತಂತಿಯನ್ನು ಇಲಿ ಕಡಿದರೆ ಬೆಂಕಿಯ ಭಯ ಬೇರೆ. ಸೀಲಿಂಗ್ ಬೇಕೇ ಬೇಕೆಂದರೆ ಮೊದಲು ಜಾಲರಿ, ಆಮೇಲೆ ಸೀಲಿಂಗ್, ಅದರಲ್ಲಿ ಮನುಷ್ಯ ತೂರುವಷ್ಟು ಒಂದು ಬಾಗಿಲು, ತಂತಿಗಳೆಲ್ಲ ಕೊಳವೆಯೊಳಗೆ. ಸೋರುವುದನ್ನು ತಡೆಯಲು ಹಂಚಿನ ಕೆಳಗೆ ತಾಡಪಾಲು ಹಾಸುವವರಿಗೂ ಇದೇ ಮಾತು, ಅದರ ಮಡಿಕೆಗಳಲ್ಲಿ ಇಲಿ ಗೂಡು ಕಟ್ಟುತ್ತದೆ.

ಹಂಚು ತೆಗೆದು ಶೀಟು ಹಾಕಿಸಿದರೆ?

ಬಣ್ಣದ ಲೋಹದ ಶೀಟಿನ ಪರವಾಗಿ ಹೇಳಬೇಕಾದ್ದು ಇದೆ. ಮಂಗ ಅದನ್ನು ಎತ್ತಲಾರದು, ಮುಸುವ ಹಾರಿದರೂ ಒಡೆಯದು, ವರ್ಷ ವರ್ಷ ಕೈಯಾಡಿಸುವ ಕೆಲಸವಿಲ್ಲ. ಹಂಚಿನ ಕೆಲಸ ಬಲ್ಲ ಆಳುಗಳು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಮುಸುವಗಳ ಹಿಂಡು ದಿನವೂ ಬರುವ ಮನೆಗೆ, ಅದರಲ್ಲಿಯೂ ವಯಸ್ಸಾದವರು ಮಾತ್ರ ಇರುವ ಮನೆಗೆ ಶೀಟು ಸಮಂಜಸವೇ.

ಆದರೆ ಶೀಟಿನ ಅಲೆಗಳು ಸೂರಿನಲ್ಲಿ ಬಾಯಿ ತೆರೆದುಕೊಂಡೇ ಇರುತ್ತವೆ. ಪ್ರತಿ ಅಲೆಯ ಕೆಳಗೂ ಇಲಿ ಆರಾಮವಾಗಿ ಹೋಗುವಷ್ಟು ಜಾಗ. ಆ ಅಲೆಯ ಆಕಾರದ ಪಟ್ಟಿ ಹಾಕಿ ಮುಚ್ಚದ ಶೀಟಿನ ಮಾಡು ಇಲಿ, ಬಾವಲಿಗಳ ಮಟ್ಟಿಗೆ ಹಂಚಿಗಿಂತ ಏನೂ ಉತ್ತಮವಲ್ಲ. ಫೋಮಿನ ಪಟ್ಟಿಯನ್ನು ಇಲಿ ಕಡಿಯುತ್ತದೆ, ಲೋಹದ ಪಟ್ಟಿ ಅಥವಾ ಜಾಲರಿಯನ್ನೇ ಕೇಳಿ. ಮಾರ್ಚ್‌ನಿಂದ ಮೇವರೆಗಿನ ಕಾವು, ಮಳೆಯ ಸದ್ದು, ತಣ್ಣನೆಯ ರಾತ್ರಿಗಳಲ್ಲಿ ಶೀಟಿನ ಒಳಮೈ ಬೆವರಿ ಹನಿಯುವುದು, ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಂಚಿನ ಮನೆಯ ತಂಪು ಕಳೆದುಕೊಂಡ ಮೇಲೆ ಫ್ಯಾನಿನ ಬಿಲ್ಲು ತಿಂಗಳು ತಿಂಗಳು ಬರುತ್ತದೆ.

ಸಿಮೆಂಟಿನ ಆಸ್ಬೆಸ್ಟಾಸ್ ಶೀಟು ಮಾತ್ರ ಬೇಡವೇ ಬೇಡ. ಅದರ ನಾರು ಶ್ವಾಸಕೋಶಕ್ಕೆ ಮಾರಕ, ಮುಸುವದ ಭಾರಕ್ಕೆ ಒಡೆಯುತ್ತದೆ, ಒಡೆದಾಗಲೇ ಧೂಳು ಹೆಚ್ಚು.

ಬಾಗಲಕೋಟೆ, ವಿಜಯಪುರ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಕತೆ ಬೇರೆ. ಅಲ್ಲಿ ದಾರಿ ಒಂದೇ, ಬೆಳಕಿಂಡಿ. ಬಾದಾಮಿಯಂಥ ಮಂಗಗಳ ಊರಿನಲ್ಲಿ ಬೆಳಕಿಂಡಿಗೆ ಕಬ್ಬಿಣದ ಸರಳು, ಅದರ ಮೇಲೆ ಜಾಲರಿ, ಮಳೆಗೆ ಒಂದು ಮುಚ್ಚಳ ಇಷ್ಟಾದರೆ ಮುಗಿಯಿತು.

ಕೊಂಬೆ ಕಡಿಯುವುದು

ಮಾಡಿನ ಬಳಿಯ ಕೊಂಬೆ ಕಡಿದರೆ ಪ್ರಾಣಿಗಳ ಕಾಟ ತಪ್ಪುತ್ತದೆ ಎನ್ನುವವರಿದ್ದಾರೆ. ಇದು ಅರ್ಧ ನಿಜ. ಮಾಡಿಗೂ ಕೊಂಬೆಗೂ ಏಳೆಂಟು ಅಡಿ ಅಂತರ ಬಿಟ್ಟರೆ ಇಲಿ, ಅಳಿಲಿನ ಸುಲಭ ದಾರಿ ತಪ್ಪುತ್ತದೆ. ಪುನುಗು ಬೆಕ್ಕಿಗೂ ಕಷ್ಟ, ಆದರೆ ಅದು ಕೊಳವೆ, ಗೋಡೆಯ ಮೂಲೆ ಹಿಡಿದೂ ಹತ್ತುತ್ತದೆ. ಮುಸುವ ಮಾತ್ರ ಅಡ್ಡಕ್ಕೇ ನಾಲ್ಕು ಮೀಟರ್‌ಗೂ ಮಿಕ್ಕಿ ಹಾರಬಲ್ಲದು, ಮೇಲಿನಿಂದ ಕೆಳಕ್ಕಾದರೆ ಇನ್ನೂ ದೂರ. ಅದಕ್ಕಾಗಿ ಹಲಸು, ಮಾವು ಕಡಿದವರಿಗೆ ನೆರಳು ಹೋಯಿತು, ಮುಸುವ ಹೋಗಲಿಲ್ಲ. ಕೊಂಬೆ ಸವರಿ, ಮರ ಉಳಿಸಿ. ಸರ್ವಿಸ್ ತಂತಿಯ ಮೇಲೆ ಇಲಿ ಬರುತ್ತಿದ್ದರೆ ಅದಕ್ಕೆ ನೀವೇ ಕೈ ಹಾಕಬೇಡಿ, ವಿದ್ಯುತ್ ಕಂಪನಿ ಹೆಸ್ಕಾಂನ ಲೈನ್‌ಮನ್‌ನನ್ನು ಕರೆಯಿರಿ.

ಓಡಿಸುವ ಸಾಧನಗಳು

ಮನುಷ್ಯರಿಗೆ ಕೇಳಿಸದ ಸದ್ದು ಹೊರಡಿಸುವ ಯಂತ್ರಕ್ಕೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ. ಅದರ ಸದ್ದು ಗೋಡೆ, ತೊಲೆ, ಚೀಲಗಳನ್ನು ದಾಟುವುದಿಲ್ಲ. ಪಟಾಕಿಗೆ ಮಂಗ ಕೆಲವೇ ದಿನ ಹೆದರುತ್ತದೆ. ನುಸಿಗುಳಿಗೆಯನ್ನು ಅಟ್ಟದ ತುಂಬ ಚೆಲ್ಲುವುದು ಬಹಳ ಮನೆಗಳಲ್ಲಿದೆ. ಆ ನ್ಯಾಫ್ತಲೀನಿನ ಆವಿ ಕೆಳಗೆ ಮಲಗಿದವರ ಉಸಿರಿಗೂ ಸೇರುತ್ತದೆ; ಹುಟ್ಟಿನಿಂದಲೇ ಜಿ6ಪಿಡಿ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಕೂಸು ಇರುವ ಮನೆಯಲ್ಲಿ ಅದನ್ನು ಇಡಲೇಬಾರದು. ಮೆಣಸಿನಕಾಯಿ ಹೊಗೆ ಹಾಕಿದರೆ ತಾಯಿ ಓಡಿ ಮರಿಗಳು ಉಳಿಯುತ್ತವೆ, ಒಣ ಕಟ್ಟಿಗೆಯ ಮಾಡಿಗೆ ಬೆಂಕಿ ತಗುಲುವ ಅಪಾಯವೂ ಇದೆ. ಮಾಡಿನ ಮೇಲೆ ನೇರ ವಿದ್ಯುತ್ ಹರಿಸುವ ಯೋಚನೆಯನ್ನು ಯಾರೂ ಮಾಡಬಾರದು, ಮೊದಲು ಸಾಯುವುದು ಹಂಚು ಏರಿದ ಮನುಷ್ಯ.

ಇಲಿ ಪಾಷಾಣದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳದಿ ರಂಜಕದ ಪೇಸ್ಟಿಗೆ ಪ್ರತಿವಿಷವೇ ಇಲ್ಲ. ಮಕ್ಕಳ ಕೈಗೆ ಸಿಕ್ಕರೆ ಯಕೃತ್ತು ನಾಶವಾಗಿ ಜೀವ ಹೋಗುತ್ತದೆ. ಬೇರೆ ಪಾಷಾಣ ತಿಂದ ಇಲಿ ಮಾಡಿನ ಸಂದಿನಲ್ಲೇ ಸತ್ತು ನಾರುತ್ತದೆ. ಅದನ್ನು ತಿಂದ ಬೆಕ್ಕು, ಗೂಬೆಗಳೂ ಸಾಯಬಹುದು, ಇಲಿ ಹಿಡಿಯುವವರೇ ಅವು. ಅಂಟಿನ ಹಲಗೆಯೂ ಬೇಡ, ಹಲ್ಲಿ, ಹಾವರಾಣಿ, ಗುಬ್ಬಚ್ಚಿಗಳು ಅದಕ್ಕೆ ಅಂಟಿ ಸಾಯುತ್ತವೆ. ಸಂದು ಮುಚ್ಚಿದ ಮೇಲೆ ಒಳಗುಳಿದ ಇಲಿಗೆ ಹಳೆಯ ಮರದ ಬೋನೇ ಸಾಕು.

ಬೋನು ಇಲಿಗೆ ಮಾತ್ರ. ಪುನುಗು ಬೆಕ್ಕು, ಮಂಗ, ಮುಸುವ, ನಾಗರ ಹಾವು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಆ ಕಾಯ್ದೆಯ ಪ್ರಕಾರ ಬೋನಿಟ್ಟು ಹಿಡಿಯುವುದೂ ಬೇಟೆಯೇ, ಕೊಲ್ಲದೆ ದೂರ ಬಿಟ್ಟು ಬಂದರೂ. ಹಿಡಿಯಲೇಬೇಕಾದ ಪ್ರಸಂಗ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926. ಮಂಗ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮಾಡಿನ ಮೇಲೋ ಹಿತ್ತಲಿನಲ್ಲೋ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಉಣ್ಣೆಗಳ ಮೂಲಕ ಹರಡುತ್ತದೆ.

ಹಾವಿನ ವಿಷಯದಲ್ಲಿ ಜಾಲರಿಗೂ ಮಿತಿ ಇದೆ. ಹಂಚಿನ ಮಾಡಿನಲ್ಲಿ ಹೆಚ್ಚಾಗಿ ಕಾಣುವುದು ವಿಷವಿಲ್ಲದ ತೋಳಹಾವು. ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುತ್ತದೆ, ಸಣ್ಣದಾದರೆ ಅರ್ಧ ಇಂಚಿನ ಕಣ್ಣಿನಲ್ಲಿ ತೂರಬಹುದು. ನೋಡಲು ಕಡುವಿಷದ ಕಟ್ಟುಹಾವಿನಂತೆಯೇ ಇರುವುದರಿಂದ ನೀವೇ ಗುರುತು ಹಿಡಿಯಲು ಹೋಗಬೇಡಿ, ತರಬೇತಿ ಇದ್ದವರನ್ನೇ ಕರೆಸಿ.

ಮುಚ್ಚುವ ಮುನ್ನ

ಎಷ್ಟೇ ಒಳ್ಳೆಯ ಜಾಲರಿಯಾದರೂ ಒಳಗೆ ಜೀವ ಇರುವಾಗ ಹೊಡೆದರೆ ಅದು ಸಮಾಧಿ. ಪುನುಗು ಬೆಕ್ಕು ಅಟ್ಟಕ್ಕೆ ಬರುವುದೇ ಎಷ್ಟೋ ಸಲ ಮರಿ ಹಾಕಲು. ಮರಿಗಳ ಕೀಚಲು ಕೇಳಿದರೆ ಅವು ತಾಯಿಯ ಹಿಂದೆ ಹೊರಡುವಷ್ಟು ದೊಡ್ಡವಾಗುವವರೆಗೆ ಕೆಲವು ವಾರ ತಾಳಿಕೊಳ್ಳಿ. ಬಾವಲಿಗಳಿಗೂ ಹಾಗೆಯೇ. ಬೇಸಿಗೆಯಲ್ಲಿ ಮರಿಗಳಿರುವ ಸಂಭವ ಹೆಚ್ಚು, ತಾಯಿ ಹೊರಗೆ ಹೋದಾಗ ಮುಚ್ಚಿದರೆ ಹಾರಲು ಬಾರದ ಮರಿಗಳು ಒಳಗೇ ಸಾಯುತ್ತವೆ. ಬಾವಲಿಗಳಿರುವ ಮೂಲೆಯ ಕೆಲಸವನ್ನು ಮಳೆಗಾಲದ ನಂತರಕ್ಕೆ, ಅಕ್ಟೋಬರ್ ಹೊತ್ತಿಗೆ ಇಟ್ಟುಕೊಳ್ಳುವುದು ಮೇಲು. ಭೀಮಗಡ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ಇರುವ ಅಪರೂಪದ ರೌಟನ್ ಬಾವಲಿಯಿಂದ ಖಾನಾಪುರಕ್ಕೆ ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಹೆಸರಿದೆ. ನಮ್ಮ ಮಾಡಿನ ಪುಟ್ಟ ಬಾವಲಿಗಳು ಬೇರೆ ಜಾತಿಯವು, ಆದರೆ ಸೊಳ್ಳೆ, ಹುಳು ತಿಂದು ಬದುಕುವವು. ಮನೆಯಿಂದ ದೂರದ ದನದ ಕೊಟ್ಟಿಗೆಯ ಮಾಡಿನಲ್ಲಿ ಅವು ಇದ್ದರೆ ಇರಲಿ ಎಂಬುದು ನನ್ನ ಮಾತು.

ಒಳಗೆ ಯಾರೂ ಇಲ್ಲವೆಂದು ತಿಳಿಯುವುದು ಹೀಗೆ: ಉಳಿದೆಲ್ಲ ಸಂದು ಮುಚ್ಚಿ, ಓಡಾಟದ ಮುಖ್ಯ ಸಂದೊಂದನ್ನು ಬಿಡಿ. ಅದಕ್ಕೆ ಹಳೆಯ ಪತ್ರಿಕೆಯ ಕಾಗದವನ್ನು ಉಂಡೆ ಮಾಡಿ ಸಡಿಲವಾಗಿ ತುರುಕಿ. ಪ್ರಾಣಿ ಇದ್ದರೆ ರಾತ್ರಿ ಅದನ್ನು ನೂಕಿ ಹೋಗುತ್ತದೆ. ಸತತ ಮೂರು ರಾತ್ರಿ ಕಾಗದ ಅಲುಗದಿದ್ದರೆ ಮುಚ್ಚಬಹುದು. ಜೋರು ಮಳೆಯ ದಿನಗಳಲ್ಲಿ ಪ್ರಾಣಿಗಳು ಹೊರಗೆ ಬರದೆ ಇರುವುದುಂಟು, ಆ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಯ ಸಂದಿನ ಜಾಲರಿಯನ್ನು ಮಾತ್ರ ಎರಡೇ ಸ್ಕ್ರೂ ಬಿಚ್ಚಿದರೆ ತೆಗೆಯುವಂತೆ ಕೂರಿಸಿ. ಮುಂದಿನ ವರ್ಷ ಹಂಚು ಕೈಯಾಡಿಸುವವರು ಬಂದಾಗ ಒಳಗೆ ನೋಡಲು ಅದೇ ಕಿಂಡಿ ಬೇಕಾಗುತ್ತದೆ.